ಲಾಗಿನ್ ಪರದೆಯಲ್ಲಿ ಕರ್ನೆಲ್ ಗಲಾಟೆ: ದನಿ ಇಳಿಸಿ, ಬಾಯಿ ಮುಚ್ಚಿಸಬೇಡಿ

ಪ್ರಶ್ನೆ: ನನ್ನ ಲಿನಕ್ಸ್ ಸರ್ವರ್‌ನ ಕಪ್ಪು ಪರದೆಯಲ್ಲಿ ಯೂಸರ್‌ನೇಮ್ ಟೈಪ್ ಮಾಡುವಾಗಲೇ ಫೈರ್‌ವಾಲ್, ಯುಎಸ್‌ಬಿ ಸಾಲುಗಳು ಬಂದು ಬೀಳುತ್ತವೆ. ನಿಲ್ಲಿಸುವುದು ಹೇಗೆ?

ಮತ್ತೆ ಇದೇ ಪ್ರಶ್ನೆ! ಆ ಸಾಲುಗಳು ಪರದೆಯ ಮೇಲೆ ಬೀಳುತ್ತವೆ ಅಷ್ಟೇ, ನೀವು ಟೈಪ್ ಮಾಡಿದ್ದಕ್ಕೆ ಸೇರುವುದಿಲ್ಲ. ಹೆಸರು ಪೂರ್ತಿ ಮಾಡಿ ಎಂಟರ್ ಒತ್ತಿ. ಲಾಗಿನ್ ಆಗುತ್ತದೆ.

ಆ ಸಾಲುಗಳನ್ನು ಬರೆಯುವುದು ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು. ಅದು ತನ್ನ ಪ್ರತಿ ಸಂದೇಶಕ್ಕೂ 0ಯಿಂದ 7ರೊಳಗೆ ಒಂದು ಅಂಕಿ ಕೊಡುತ್ತದೆ. 0 ಅಂದರೆ ಮನೆಗೆ ಬೆಂಕಿ ಬಿದ್ದ ಹಾಗೆ. 3 ದೋಷ, 4 ಎಚ್ಚರಿಕೆ, 6 ಸುಮ್ನೆ ಮಾಹಿತಿ, 7 ಡೀಬಗ್, ಅಂದರೆ ದೋಷ ಹುಡುಕುವವರಿಗೆ ಬೇಕಾದ ವಿವರ. ಪ್ರಿಂಟ್‌ಕೆ ಎಂಬ ಸೆಟ್ಟಿಂಗ್‌ನಲ್ಲಿ ನಾಲ್ಕು ಅಂಕಿಗಳಿರುತ್ತವೆ. ನಿಮಗೆ ಬೇಕಾದದ್ದು ಮೊದಲನೆಯದು ಮಾತ್ರ. ಅದಕ್ಕಿಂತ ಚಿಕ್ಕ ಅಂಕಿಯ ಸಂದೇಶಗಳಷ್ಟೇ ಪರದೆಗೆ ಬರುತ್ತವೆ. ಅಲ್ಲಿ 7 ಇದ್ದರೆ ಡೀಬಗ್ ಬಿಟ್ಟು ಎಲ್ಲವೂ ಬರುತ್ತದೆ. ನಿಮ್ಮ ಕಷ್ಟ ಅದೇ.

ರೂಟ್ (ಪೂರ್ಣ ಅಧಿಕಾರದ ಯೂಸರ್) ಆಗಿ ಡಿಮೆಸ್ಗ್ ಕಮಾಂಡ್‌ಗೆ ‘ಮೈನಸ್ ಎನ್ 4’ ಕೊಡಿ (dmesg -n 4). ಗಲಾಟೆ ತಕ್ಷಣ ನಿಲ್ಲುತ್ತದೆ, ಆದರೆ ರೀಬೂಟ್ ಆದರೆ ಮತ್ತೆ ಶುರು. ಕಾಯಂ ಆಗಬೇಕಾದರೆ ಇಟಿಸಿ ಒಳಗಿನ ಸಿಸ್‌ಸಿಟಿಎಲ್ ಡಾಟ್ ಡಿ ಫೋಲ್ಡರ್‌ನಲ್ಲಿ (/etc/sysctl.d) ‘ಡಾಟ್ ಕಾನ್ಫ್’ ಎಂದು ಮುಗಿಯುವ ಫೈಲ್ ಮಾಡಿ, ‘ಕರ್ನೆಲ್ ಡಾಟ್ ಪ್ರಿಂಟ್‌ಕೆ = 4 4 1 7’ (kernel.printk = 4 4 1 7) ಎಂಬ ಸಾಲು ಬರೆಯಿರಿ. ಉಬುಂಟುವಿನಲ್ಲಿ ಇಂಥ ಫೈಲ್ ಮೊದಲೇ ಇರುತ್ತದೆ, ಹೊಸದು ಮಾಡುವ ಮುಂಚೆ ನೋಡಿ.

ಮೊದಲ ಅಂಕಿಯನ್ನು 1 ಮಾಡಬೇಡಿ. ನಾನು ಮಾಡಿದ್ದೆ. ಪರದೆ ಕನ್ನಡಿಯ ಹಾಗೆ ಇತ್ತು, ಒಳಗೆ ಡಿಸ್ಕ್ ಸಾಯುತ್ತಿತ್ತು. ಡಿಸ್ಕ್ ದೋಷದ ಅಂಕಿ 3, ಹಾಗಾಗಿ ಒಂದೂ ಕಾಣಲಿಲ್ಲ. ಲಾಗ್, ಅಂದರೆ ಸಂದೇಶಗಳ ದಾಖಲೆ, ಇದ್ದದ್ದೂ ಅದೇ ಡಿಸ್ಕ್‌ನಲ್ಲಿ! 4 ಇಟ್ಟರೆ ದೋಷಗಳಾದರೂ ಕಣ್ಣಿಗೆ ಬೀಳುತ್ತವೆ.

ಇನ್ನು ‘ಲಾಗ್ ಸರ್ವಿಸ್ ಆಫ್ ಮಾಡಿ’ ಎಂದು ವಿಡಿಯೊದಲ್ಲಿ ಹೇಳುವ ಮಹಾಪಂಡಿತರು. ಕರ್ನೆಲ್ ಪರದೆಗೆ ನೇರವಾಗಿ ಬರೆಯುತ್ತದೆ ಸ್ವಾಮಿ. ಸರ್ವಿಸ್ ನಿಲ್ಲಿಸಿದರೆ ಗಲಾಟೆ ಹಾಗೇ ಇರುತ್ತದೆ, ದಾಖಲೆ ಮಾತ್ರ ಹೋಗುತ್ತದೆ.

ಪ್ರಶ್ನೆ: ‘ಬ್ಲಾಕ್’ ಎಂದು ಬರುತ್ತಿದೆ, ಹ್ಯಾಕ್ ಆಯಿತೇ?

ತಡೆದಿದ್ದೇನೆ ಅಂತ ಫೈರ್‌ವಾಲ್ ಹೇಳುತ್ತಿದೆ. ಅದು ಒಳ್ಳೆಯದೇ ಅಲ್ವಾ?

ಪ್ರಶ್ನೆ: ಲಿನಕ್ಸ್ ಮತ್ತೆ ಇನ್‌ಸ್ಟಾಲ್ ಮಾಡಲೇ?

ಬೇಡ.

ಪ್ರಶ್ನೆ: 4 ಹಾಕಿದರೂ, ಬೂಟ್ ಆದ ಮೇಲೆ ಲಾಗಿನ್ ಸಾಲಿನ ಕೆಳಗೆ ಹಸಿರು ‘ಓಕೆ’ ಸಾಲುಗಳು ಬರುತ್ತವೆ.

ಅವು ಕರ್ನೆಲ್‌ನವಲ್ಲ, ಸರ್ವಿಸ್‌ಗಳನ್ನು ಶುರು ಮಾಡುವ ಸಿಸ್ಟಂಡಿಯವು. ಸರ್ವಿಸ್‌ಗಳೆಲ್ಲ ಶುರುವಾಗುವವರೆಗೆ ಸ್ವಲ್ಪ ತಡೆದು ಎಂಟರ್ ಒತ್ತಿ.