ತೊಟ್ಟು ಒಡೆದಿದ್ದರೆ ಮೊದಲು ನೋಡಬೇಕಾದ್ದು ಮಗು ಬಾಯಿ ಹಾಕುವ ರೀತಿ

ಮಗುವಿಗೆ 9 ದಿನ, ಎರಡೂ ತೊಟ್ಟು ಒಡೆದಿವೆ, ಬಲಗಡೆಯದರಲ್ಲಿ ರಕ್ತವೂ ಬರುತ್ತಿದೆ, ಮುಲಾಮು ಹಚ್ಚಿದರೂ ಕಡಿಮೆಯಾಗುತ್ತಿಲ್ಲ, ಎದೆಹಾಲು ನಿಲ್ಲಿಸಿಬಿಡಲೇ ಎಂದು ಕೇಳಿದ್ದೀರಿ. ನಿಲ್ಲಿಸಬೇಕಾಗಿಲ್ಲ. ಆದರೆ ಈಗ ಕುಡಿಸುತ್ತಿರುವ ಹಾಗೆಯೇ ಹಲ್ಲು ಕಚ್ಚಿಕೊಂಡು ಮುಂದುವರಿಸುವುದೂ ಬೇಡ.

ಮುಲಾಮು ಯಾಕೆ ಕೆಲಸ ಮಾಡುತ್ತಿಲ್ಲ ಎಂದರೆ, ಇಷ್ಟು ಚಿಕ್ಕ ಮಗು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಬಾಯಿ ಹಾಕುವ ರೀತಿ ತಪ್ಪಿದ್ದರೆ ಎರಡು ಮೂರು ಗಂಟೆಗೊಮ್ಮೆ ಅದೇ ಗಾಯ ಮತ್ತೆ ಬಿರಿಯುತ್ತದೆ. ಯಾವ ಮುಲಾಮಿಗೂ ಅದನ್ನು ಮಾಯಿಸಲು ಪುರುಸೊತ್ತು ಸಿಗುವುದಿಲ್ಲ. ಹೆರಿಗೆಯಾದ ಮೊದಲ ವಾರ ತೊಟ್ಟು ಸೂಕ್ಷ್ಮವಾಗಿರುತ್ತದೆ, ಮಗು ಬಾಯಿ ಹಾಕಿದ ಕೂಡಲೇ ಅರ್ಧ ನಿಮಿಷ ಚುರುಕ್ಕೆನ್ನುತ್ತದೆ, ಆಮೇಲೆ ಇಳಿಯುತ್ತದೆ. ಅಷ್ಟು ಸಹಜ. ಕುಡಿಯುವಷ್ಟು ಹೊತ್ತೂ ನೋಯುವುದು, ಚರ್ಮ ಒಡೆಯುವುದು, ರಕ್ತ ಬರುವುದು ಸಹಜವಲ್ಲ. "ಎಲ್ಲರಿಗೂ ಆಗುತ್ತೆ, ಸಹಿಸ್ಕೋ" ಎಂದು ಯಾರಾದರೂ ಹೇಳಿದ್ದರೆ ಆ ಮಾತನ್ನು ಪಕ್ಕಕ್ಕಿಡಿ.

ಮುಂದಿನ ಸಲ ಮಗು ಕುಡಿದು ತೊಟ್ಟನ್ನು ಬಿಟ್ಟ ತಕ್ಷಣ ಅದನ್ನು ಒಮ್ಮೆ ನೋಡಿ. ಮೊದಲಿನಂತೆ ದುಂಡಗೆ, ಸ್ವಲ್ಪ ಉದ್ದವಾಗಿ ಬಂದಿದ್ದರೆ ಸರಿ. ಒಂದು ಬದಿಗೆ ಓರೆಯಾಗಿ, ಹೊಸ ಲಿಪ್‌ಸ್ಟಿಕ್‌ನ ತುದಿಯಂತೆ ಚಪ್ಪಟೆಯಾಗಿದ್ದರೆ, ಅಥವಾ ತುದಿಯಲ್ಲಿ ಅಡ್ಡಕ್ಕೆ ಒಂದು ಬಿಳಿ ಗೆರೆ ಕಂಡರೆ ಅದು ಮಗುವಿನ ಬಾಯೊಳಗೆ ಜಜ್ಜಿಹೋಗುತ್ತಿದೆ. ಕಾರಣ ತಿಳಿಯಬೇಕಾದರೆ ನಿಮ್ಮ ನಾಲಿಗೆಯನ್ನೇ ಮೇಲಂಗುಳಕ್ಕೆ ತಾಗಿಸಿ ಹಿಂದಕ್ಕೆ ಸರಿಸಿ. ಹಲ್ಲಿನ ಹಿಂದೆ ಗಟ್ಟಿ, ಒಳಗೆ ಹೋದಂತೆ ಮೆತ್ತಗೆ. ತೊಟ್ಟಿನ ತುದಿ ಆ ಮೆತ್ತನೆಯ ಜಾಗದ ಹತ್ತಿರ ತಲುಪಬೇಕು. ಮಗು ಬರೀ ತೊಟ್ಟನ್ನು ಮಾತ್ರ ಚೀಪಿದರೆ, ಅದು ಮುಂದಿನ ಗಟ್ಟಿ ಅಂಗುಳಕ್ಕೂ ನಾಲಿಗೆಗೂ ನಡುವೆ ಸಿಕ್ಕಿ ಉಜ್ಜಿಹೋಗುತ್ತದೆ. ಹಾಗಾಗಿ ತೊಟ್ಟಿನ ಜೊತೆಗೆ ಸುತ್ತಲಿನ ಕಪ್ಪು ಭಾಗವೂ ಬಾಯಿ ತುಂಬ ಹೋಗಬೇಕು.

ಅದು ಆಗುವುದು ಹೀಗೆ. ಬೆನ್ನಿಗೆ ಆಸರೆ ಇಟ್ಟು ಕೂತುಕೊಳ್ಳಿ. ದಿಂಬಿಟ್ಟು ಮಗುವನ್ನು ಎದೆಯ ಮಟ್ಟಕ್ಕೆ ಎತ್ತಿಕೊಳ್ಳಿ, ನೀವು ಮಗುವಿನ ಮೇಲೆ ಬಾಗಬೇಡಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ಅಂಟಿರಲಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಕತ್ತು ತಿರುಚಿಕೊಂಡು ಕುಡಿಯುವ ಮಗು ಚೆನ್ನಾಗಿ ನುಂಗಲಾರದು, ತೊಟ್ಟನ್ನೂ ಎಳೆಯುತ್ತದೆ. ಬಲಗಡೆ ಕುಡಿಸುವಾಗ ಎಡಗೈಯಿಂದ ಮಗುವನ್ನು ಹಿಡಿಯಿರಿ: ಅಂಗೈ ಭುಜಗಳ ನಡುವೆ, ಹೆಬ್ಬೆರಳು ಮತ್ತು ಬೆರಳುಗಳು ಕಿವಿಗಳ ಕೆಳಗೆ. ತಲೆಯ ಹಿಂಭಾಗವನ್ನು ಮಾತ್ರ ಒತ್ತಬೇಡಿ. ಒತ್ತಿದರೆ ಮಗು ತಲೆ ಹಿಂದಕ್ಕೆ ತಳ್ಳುತ್ತದೆ, ಇಲ್ಲವೇ ಗದ್ದವನ್ನು ಎದೆಗೆ ಸೇರಿಸಿ ಬಾಯಿ ಕಿರಿದು ಮಾಡುತ್ತದೆ.

ಶುರುವಿನಲ್ಲಿ ತೊಟ್ಟಿಗೆ ಎದುರಾಗಿ ಇರಬೇಕಾದ್ದು ಮಗುವಿನ ಮೂಗು, ಬಾಯಲ್ಲ. ತೊಟ್ಟನ್ನು ಮೇಲ್ದುಟಿಗೆ ಸವರಿ, ಕಾಯಿರಿ. ಮಗು ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆಯುವವರೆಗೂ ಕಾಯಬೇಕು. ಅರ್ಧ ತೆರೆದಾಗ ತುರುಕಿದರೆ ಮತ್ತೆ ಅದೇ ಕಥೆ. ಬಾಯಿ ಅಗಲವಾದ ಕ್ಷಣ ಭುಜದಿಂದ ಮಗುವನ್ನು ಒಮ್ಮೆಲೇ ಹತ್ತಿರಕ್ಕೆ ತನ್ನಿ. ಮೊದಲು ಗದ್ದ ಎದೆಗೆ ಒತ್ತಬೇಕು, ಕೆಳದುಟಿ ತೊಟ್ಟಿನಿಂದ ಸಾಕಷ್ಟು ಕೆಳಗೆ ಕೂರಬೇಕು, ತೊಟ್ಟು ಕೊನೆಯದಾಗಿ ಮೇಲಂಗುಳದ ಕಡೆ ಮುಖ ಮಾಡಿ ಒಳಗೆ ಹೋಗಬೇಕು. ಸರಿಯಾಗಿ ಕೂತರೆ ಕೆಳದುಟಿ ಹೊರಕ್ಕೆ ಮಡಚಿರುತ್ತದೆ, ಕೆನ್ನೆ ಉಬ್ಬಿರುತ್ತದೆ, ಕಪ್ಪು ಭಾಗ ಮೇಲುಗಡೆ ಹೆಚ್ಚು, ಕೆಳಗಡೆ ಕಡಿಮೆ ಕಾಣುತ್ತದೆ. ಮೊದಲು ಚುರುಕಾಗಿ ಚೀಪಿ, ಹಾಲು ಇಳಿದ ಮೇಲೆ ನಿಧಾನವಾಗಿ, ಆಳವಾಗಿ ಕುಡಿಯುತ್ತದೆ, ನುಂಗುವುದು ಕೇಳಿಸುತ್ತದೆ. ಕೆನ್ನೆಯಲ್ಲಿ ಗುಳಿ ಬೀಳುತ್ತಿದ್ದರೆ, ಟಕ್ ಟಕ್ ಸದ್ದು ಬರುತ್ತಿದ್ದರೆ ಹಿಡಿತ ಜಾರುತ್ತಿದೆ.

ಅರ್ಧ ನಿಮಿಷ ಕಳೆದರೂ ನೋವು ಇಳಿಯದಿದ್ದರೆ ಬಿಡಿಸಿ. ಹಾಗೇ ಎಳೆಯಬಾರದು, ಒಡೆದ ಚರ್ಮ ಇನ್ನಷ್ಟು ಹರಿಯುತ್ತದೆ. ಶುದ್ಧವಾದ ಕಿರುಬೆರಳನ್ನು ಬಾಯಿಯ ಮೂಲೆಯಿಂದ ವಸಡುಗಳ ನಡುವೆ ಸೇರಿಸಿ, ಹಿಡಿತ ಸಡಿಲವಾದ ಮೇಲೆ ತೆಗೆಯಿರಿ, ಮತ್ತೆ ಮೊದಲಿಂದ ಮಾಡಿ. ಒಂದು ಹೊತ್ತಿನಲ್ಲಿ ನಾಲ್ಕೈದು ಸಲ ಹೀಗೆ ಮಾಡಬೇಕಾಗಿ ಬಂದರೂ ಅದು ಸೋಲಲ್ಲ, ಮಗುವೂ ಕಲಿಯುತ್ತಿದೆ. ಅತ್ತು ಕೆಂಪಾದ ಮೇಲೆ ಯಾವ ಮಗುವೂ ಸರಿಯಾಗಿ ಬಾಯಿ ಹಾಕುವುದಿಲ್ಲ. ತಲೆ ಅತ್ತಿತ್ತ ತಿರುಗಿಸುವಾಗ, ಕೈ ಬಾಯಿಗೆ ಒಯ್ಯುವಾಗಲೇ ಶುರು ಮಾಡಿ.

ಕೂತು ಮಾಡುವುದು ಕಷ್ಟವಾದರೆ ದಿಂಬಿಗೆ ಒರಗಿ ಅರ್ಧ ಮಲಗಿ, ಮಗುವನ್ನು ಎದೆಯ ಮೇಲೆ ಬೋರಲು ಹಾಕಿಕೊಳ್ಳಿ. ಮಗುವಿನ ಭಾರವೇ ಅದನ್ನು ಎದೆಗೆ ಒತ್ತುವುದರಿಂದ ಬಾಯಿ ಆಳವಾಗಿ ಕೂರುತ್ತದೆ. ಗಾಯವಾದವರಿಗೆ ನಾನು ಮೊದಲು ಹೇಳುವುದು ಈ ಭಂಗಿಯನ್ನೇ. ಸಿಸೇರಿಯನ್ ಆಗಿದ್ದರೆ ಮಗುವನ್ನು ಕಂಕುಳ ಕೆಳಗೆ, ಕಾಲು ನಿಮ್ಮ ಬೆನ್ನಿನ ಕಡೆ ಬರುವಂತೆ ಹಿಡಿಯಿರಿ.

ಇನ್ನೊಂದು ಸಂಗತಿ ಬಹಳ ಸಲ ತಪ್ಪಿಹೋಗುತ್ತದೆ. ಮೊದಲ ವಾರದಲ್ಲಿ ಹಾಲು ಒಮ್ಮೆಲೇ ಇಳಿದು ಎದೆ ಕಲ್ಲಾಗಿದ್ದರೆ ಕಪ್ಪು ಭಾಗ ಗಾಳಿ ತುಂಬಿದ ಚೆಂಡಿನಂತೆ ಬಿಗಿದಿರುತ್ತದೆ, ಮಗುವಿನ ಬಾಯಿ ಜಾರಿ ಜಾರಿ ತೊಟ್ಟಿಗೇ ಬರುತ್ತದೆ. ಆಗ ಬೆರಳ ತುದಿಗಳನ್ನು ತೊಟ್ಟಿನ ಬುಡದ ಸುತ್ತ ಇಟ್ಟು, ಎದೆಗೂಡಿನ ಕಡೆಗೆ ಮೆಲ್ಲಗೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಗುಳಿ ಬಿದ್ದು ಮೆತ್ತಗಾದ ಕೂಡಲೇ ಮಗುವನ್ನು ಹಾಕಿ.

ಇನ್ನು ಗಾಯದ ಆರೈಕೆ. ಕಡಿಮೆ ನೋವಿರುವ ಕಡೆಯಿಂದ ಶುರು ಮಾಡಿ, ಯಾಕೆಂದರೆ ಹಸಿದ ಮಗುವಿನ ಮೊದಲ ಚೀಪು ಜೋರು. ಹಾಲು ಇಳಿದ ಮೇಲೆ ಇನ್ನೊಂದು ಕಡೆಗೆ ಬದಲಿಸಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡನ್ನೂ ಹಾಲುಣಿಸುವಾಗ ತೆಗೆದುಕೊಳ್ಳಬಹುದು. ನಿಮಗೆ ಹೊಟ್ಟೆ ಹುಣ್ಣು, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ, ಅಲರ್ಜಿ ಇದ್ದರೆ ಮಾತ್ರ ವೈದ್ಯರನ್ನು ಕೇಳಿ. ಕುಡಿಸುವ ಅರ್ಧ ಗಂಟೆ ಮುಂಚೆ ನುಂಗಿದರೆ ಹೆಚ್ಚು ಉಪಯೋಗ.

ಕುಡಿಸಿದ ಮೇಲೆ ನಾಲ್ಕು ಹನಿ ಹಾಲು ಹಿಂಡಿ ತೊಟ್ಟಿಗೆ ಸವರಿ ಆರಲು ಬಿಡಿ. ಶುದ್ಧ ಲ್ಯಾನೋಲಿನ್ (ಕುರಿಯ ಉಣ್ಣೆಯಿಂದ ತೆಗೆದ ಮೇಣದಂಥ ಮುಲಾಮು) ಇದ್ದರೆ ಬಟಾಣಿಯ ಅರ್ಧದಷ್ಟನ್ನು ಬೆರಳಲ್ಲಿ ಮೆತ್ತಗೆ ಮಾಡಿಕೊಂಡು ಒತ್ತಿ ಹಚ್ಚಿ, ಉಜ್ಜಬೇಡಿ. ಮುಂದಿನ ಸಲ ಕುಡಿಸುವ ಮುಂಚೆ ಒರೆಸಬೇಕಾಗಿಲ್ಲ. ಎದೆಹಾಲಿಗಿಂತ ಅದು ಬೇಗ ಮಾಯಿಸುತ್ತದೆ ಎಂದೇನೂ ಸಾಬೀತಾಗಿಲ್ಲ. ಅದರ ಲಾಭ ಗಾಯ ಒಣಗಿ ಬಟ್ಟೆಗೆ ಅಂಟದಂತೆ ತಡೆಯುವುದು. ಚೆನ್ನಾಗಿ ಒಣಗಿಸಿ ಹಕ್ಕಳೆ ಕಟ್ಟಿಸಿ ಎಂಬ ಹಳೆಯ ಸಲಹೆ ಬೇಡ, ಹಕ್ಕಳೆ ಪ್ರತಿ ಸಲ ಕಿತ್ತು ಬರುತ್ತದೆ. ತಣ್ಣಗಿನ ಹೈಡ್ರೋಜೆಲ್ ಪ್ಯಾಡ್, ಅಂದರೆ ನೀರಿನಂಶದ ಜೆಲ್ ಇರುವ ಪ್ಯಾಡ್, ಆಗಬಹುದು, ಆದರೆ ಲ್ಯಾನೋಲಿನ್ ಜೊತೆಗಲ್ಲ, ಸೋಂಕಿದ್ದಾಗಲೂ ಅಲ್ಲ.

ಬಿರುಕು ತೊಳೆಯಲು ಕುದಿಸಿ ಆರಿಸಿದ ಒಂದು ಲೋಟ ಬೆಚ್ಚಗಿನ ನೀರಿಗೆ, ಅಂದರೆ ಸುಮಾರು 240 ಮಿಲಿಗೆ, ಅರ್ಧ ಟೀ ಚಮಚ ಉಪ್ಪು ಹಾಕಿ, ಒಂದೆರಡು ನಿಮಿಷ ತೊಟ್ಟನ್ನು ಅದ್ದಿ, ಬರೀ ನೀರಿನಲ್ಲಿ ತೊಳೆದು ಮೆಲ್ಲಗೆ ಒತ್ತಿ ಒರೆಸಿ. ಉಪ್ಪು ಜಾಸ್ತಿ ಮಾಡಿದರೆ ಚರ್ಮ ಒಣಗಿ ಮತ್ತೆ ಬಿರಿಯುತ್ತದೆ. ಬ್ರಾ ಅಥವಾ ಪ್ಯಾಡ್ ಗಾಯಕ್ಕೆ ಅಂಟಿಕೊಂಡಿದ್ದರೆ ಕೀಳಬೇಡಿ. ಬೆಚ್ಚಗಿನ ನೀರಲ್ಲಿ ನೆನೆಸಿ, ತಾನಾಗಿ ಬಿಡಲಿ. ಒದ್ದೆ ಪ್ಯಾಡನ್ನು ಕೂಡಲೇ ಬದಲಿಸಿ. ತೊಟ್ಟಿಗೆ ಸೋಪು, ಸ್ಪಿರಿಟ್, ಮರಗಟ್ಟಿಸುವ ಕ್ರೀಮ್ ಬೇಡ. ಜೇನುತುಪ್ಪವಂತೂ ಬೇಡವೇ ಬೇಡ: ಒಂದು ವರ್ಷದೊಳಗಿನ ಮಗುವಿನ ಹೊಟ್ಟೆಗೆ ಅದು ಹೋದರೆ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಬಲಗಡೆ ಮುಟ್ಟಲೂ ಆಗದಿದ್ದರೆ ಒಂದು ದಿನ ಆ ಕಡೆಗೆ ಬಿಡುವು ಕೊಡಿ, ಆದರೆ ಹಾಲು ತೆಗೆಯುವುದನ್ನು ಬಿಡಬೇಡಿ. 24 ಗಂಟೆಯಲ್ಲಿ 8 ಸಲವಾದರೂ ಹಿಂಡಿ ತೆಗೆದು ಮಗುವಿಗೆ ಕೊಡಿ, ಇಲ್ಲವಾದರೆ ಹಾಲು ಕಟ್ಟಿಕೊಂಡು ಬಾವು ಬರಬಹುದು. ಒಡೆದ ತೊಟ್ಟಿಗೆ ಕೈಯಿಂದ ಹಿಂಡುವುದೇ ಮೃದು. ಪಂಪ್ ಬಳಸುವುದಾದರೆ ಕೊಳವೆಯಲ್ಲಿ ತೊಟ್ಟು ಬದಿಗೆ ಉಜ್ಜದೆ ಆಡಬೇಕು, ಕಪ್ಪು ಭಾಗ ಹೆಚ್ಚು ಒಳಗೆ ಎಳೆಯಬಾರದು. ಅಳತೆ ತಪ್ಪಿದ್ದರೆ ಪಂಪೇ ಗಾಯ ಮಾಡುತ್ತದೆ. ಸೆಳೆತ ಜಾಸ್ತಿ ಮಾಡಿದರೆ ಹಾಲು ಜಾಸ್ತಿ ಬರುವುದಿಲ್ಲ, ನೋವು ಮಾತ್ರ ಬರುತ್ತದೆ.

ಮಗುವಿನ ಹೊಟ್ಟೆಗೆ ಹೋದ ನಿಮ್ಮ ರಕ್ತದಿಂದ ಅದಕ್ಕೆ ತೊಂದರೆಯಿಲ್ಲ. ಕಕ್ಕಿದ ಹಾಲಿನಲ್ಲಿ ಕೆಂಪು ಎಳೆ, ಮಲದಲ್ಲಿ ಕಪ್ಪು ಚುಕ್ಕೆ ಕಾಣಬಹುದು. ತೊಟ್ಟಿನದೇ ರಕ್ತ ಎಂದು ಖಚಿತ ಮಾಡಿಕೊಳ್ಳಲು ವೈದ್ಯರಿಗೆ ತಿಳಿಸಿ. ಅದಕ್ಕಿಂತ ಮುಖ್ಯವಾದದ್ದು ಮಗುವಿಗೆ ಹಾಲು ಸಾಕಾಗುತ್ತಿದೆಯೇ ಎಂಬುದು, ಯಾಕೆಂದರೆ ತೊಟ್ಟಷ್ಟನ್ನೇ ಚೀಪುವ ಮಗುವಿಗೆ ಹಾಲೂ ಕಡಿಮೆ ಸಿಗುತ್ತದೆ. ದಿನಕ್ಕೆ 6 ಸಲವಾದರೂ ತಿಳಿಯಾದ ಮೂತ್ರ ಮಾಡಬೇಕು, ಸುಮಾರು ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳಿರಬೇಕು.

ಬಾಯಿ ಸರಿಯಾಗಿ ಕೂತಿದ್ದೂ ನೋವು ಹೋಗದಿದ್ದರೆ ಕಾರಣ ಬೇರೆ. ಕುಡಿಸಿದ ಮೇಲೆ ತೊಟ್ಟು ಬೆಳ್ಳಗಾಗಿ, ಆಮೇಲೆ ನೀಲಿ ಅಥವಾ ಕೆಂಪಾಗಿ ಚುಚ್ಚಿದಂತೆ ನೋಯುತ್ತಿದ್ದರೆ ಅದು ರಕ್ತನಾಳ ಬಿಗಿಯುವ ತೊಂದರೆ. ಮಗು ತೊಟ್ಟನ್ನು ಬಿಟ್ಟ ಕೂಡಲೇ ಅದಕ್ಕೆ ಒಣ ಬೆಚ್ಚಗಿನ ಬಟ್ಟೆ ಮುಚ್ಚಿ. ಇಂಥವರಿಗೆ ತಣ್ಣಗಿನ ಪ್ಯಾಡ್ ಆಗಿಬರುವುದಿಲ್ಲ. ತೊಟ್ಟು ಹೊಳೆಯುವ ಗುಲಾಬಿ ಬಣ್ಣಕ್ಕೆ ತಿರುಗಿ ಉರಿ, ತುರಿಕೆ ಇದ್ದು, ಮಗುವಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ ಇದ್ದರೆ ಶಿಲೀಂಧ್ರ ಸೋಂಕಿರಬಹುದು, ಆಗ ತಾಯಿ ಮಗು ಇಬ್ಬರಿಗೂ ಒಟ್ಟಿಗೆ ಔಷಧಿ ಬೇಕು. ಹಳದಿ ಹಕ್ಕಳೆ ಅಥವಾ ಕೀವು ಕಂಡರೆ ಬ್ಯಾಕ್ಟೀರಿಯಾ ಸೋಂಕಿರಬಹುದು. ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿದ್ದು ನಾಲಿಗೆ ಮುಂದೆ ಚಾಚಲಾಗದ ಮಗುವೂ ಹೀಗೆಯೇ ಜಜ್ಜುತ್ತದೆ. ಎದೆಯಲ್ಲಿ ಕೆಂಪಾಗಿ ನೋಯುವ ಗಡ್ಡೆ, ಜೊತೆಗೆ ಜ್ವರ, ಚಳಿ ಬಂದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ, ದಾರಿಯಲ್ಲೂ ಕುಡಿಸುತ್ತಿರಿ. ನೀರುಗುಳ್ಳೆಗಳು ಗುಂಪಾಗಿ ಎದ್ದಿದ್ದರೆ ಮಾತ್ರ ಆ ಕಡೆಯ ಹಾಲು ಕೊಡಬೇಡಿ; ಅದು ಹರ್ಪಿಸ್ ಎಂಬ ವೈರಸ್ ಸೋಂಕಾಗಿದ್ದರೆ ನವಜಾತ ಶಿಶುವಿಗೆ ಬಹಳ ಅಪಾಯ.

ಬಾಯಿ ಹಾಕುವುದು ಸರಿಹೋದರೆ ನೋವು ಆವತ್ತೇ ಇಳಿಯತೊಡಗುತ್ತದೆ, ಮೇಲ್ಮೈ ಬಿರುಕು ಕೆಲವೇ ದಿನಗಳಲ್ಲಿ ಕೂಡುತ್ತದೆ. ನಿಮ್ಮ ಬಲಗಡೆಯಂಥದ್ದಕ್ಕೆ ಇನ್ನೂ ಸ್ವಲ್ಪ ಸಮಯ ಬೇಕಾಗಬಹುದು. ಎರಡು ದಿನ ಹೀಗೆ ಮಾಡಿಯೂ ಏನೂ ವ್ಯತ್ಯಾಸ ಕಾಣದಿದ್ದರೆ ಹಾಲುಣಿಸುವುದನ್ನು ಕಲಿಸುವ ನರ್ಸ್ ಅಥವಾ ತಜ್ಞರ ಹತ್ತಿರ ಹೋಗಿ. ಮಗುವಿಗೆ ಕುಡಿಸಿ ಮಲಗಿಸಿಕೊಂಡು ಹೋಗಬೇಡಿ, ಹಸಿವಾಗುವ ಹೊತ್ತಿಗೆ ಸರಿಯಾಗಿ ತಲುಪಿ. ಅವರು ಬರೀ ಗಾಯ ನೋಡಿ ಮುಲಾಮು ಬರೆದು ಕಳಿಸಲು ಹೊರಟರೆ, ಮಗು ಬಾಯಿ ಹಾಕುವುದರಿಂದ ಬಿಡುವವರೆಗೂ ಒಮ್ಮೆ ಪೂರ್ತಿ ನೋಡಿ ಎಂದು ಕೇಳಿ.