ಪೂಲ್ ದೊಡ್ಡದು ಮಾಡಿದ ಮೇಲೆ ಆ್ಯಪ್ ಇನ್ನಷ್ಟು ನಿಧಾನವಾಯಿತೇಕೆ?

ಪ್ರಶ್ನೆ: ಕಾಲೇಜುಗಳ ಶುಲ್ಕ ಕಟ್ಟಿಸಿಕೊಳ್ಳುವ ಆ್ಯಪ್ ನಮ್ಮದು. ಜಾವಾದ ಸ್ಪ್ರಿಂಗ್ ಬೂಟ್, ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಟ್ಟು ಹಂಚುವ ಹಿಕಾರಿ ಪೂಲ್, ನಾಲ್ಕು ಕೋರ್‌ಗಳ ಸರ್ವರ್ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಆ್ಯಪ್‌ನ ನಾಲ್ಕು ಇನ್‌ಸ್ಟನ್ಸ್ (ಪ್ರತಿಗಳು) ಓಡುತ್ತವೆ. ಶುಲ್ಕದ ಕೊನೆಯ ದಿನ ಬಂತೆಂದರೆ '30,000 ಮಿಲಿಸೆಕೆಂಡ್ ಕಾದರೂ ಕನೆಕ್ಷನ್ ಸಿಗಲಿಲ್ಲ' ಎಂಬ ಎರರ್ ಲಾಗ್ ತುಂಬ. ಪೂಲ್ ಗಾತ್ರ 10 ಇದ್ದದ್ದನ್ನು 50 ಮಾಡಿದೆವು. ಈಗ ಡೇಟಾಬೇಸೇ 'ಕ್ಲೈಂಟ್‌ಗಳು ಹೆಚ್ಚಾದರು' ಎಂದು ಬಾಗಿಲು ಹಾಕುತ್ತಿದೆ. ಒಳಗೆ ಹೋದವರಿಗೂ ಪೇಜ್ ತೆರೆಯುವುದು ತಡ. ಎಷ್ಟು ಇಟ್ಟರೆ ಸರಿ? ಆ್ಯಪ್ ಮತ್ತು ಡೇಟಾಬೇಸ್ ನಡುವೆ ನಿಂತು ಕನೆಕ್ಷನ್ ಹಂಚುವ ಪಿಜಿಬೌನ್ಸರ್ ಹಾಕಬೇಕೇ? ಪಾವತಿ ಮೆಥಡ್‌ನ ಕೋಡ್ ಜೊತೆಗಿಟ್ಟಿದ್ದೇನೆ.
– ಹುಬ್ಬಳ್ಳಿಯ ಓದುಗರು

ಉತ್ತರ: ಕೋಡ್ ಕಳಿಸಿದ್ದು ಒಳ್ಳೆಯದಾಯಿತು. ತೊಂದರೆ ಇರುವುದು ಅಲ್ಲೇ, ಪೂಲ್ ಗಾತ್ರದಲ್ಲಲ್ಲ. 50 ಅನ್ನು ಇವತ್ತೇ ಮೊದಲಿನ 10ಕ್ಕೆ ಇಳಿಸಿ, ಆಮೇಲೆ ಮುಂದೆ ಓದಿ.

ಬಾಗಿಲು ಹಾಕಿದ್ದೇಕೆ ಎಂಬುದು ಸರಳ ಲೆಕ್ಕ. ಪೋಸ್ಟ್‌ಗ್ರೆಸ್ ತಾನಾಗಿ ಬಿಡುವುದು 100 ಕನೆಕ್ಷನ್, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ಬೇರೆ ಹೇಳದಿದ್ದರೆ ಹಿಕಾರಿ ಪೂಲನ್ನು ಸದಾ ಪೂರ್ತಿ ತುಂಬಿಯೇ ಇಡಲು ನೋಡುತ್ತದೆ. ನಾಲ್ಕು ಇನ್‌ಸ್ಟನ್ಸ್‌ಗೆ 50ರಂತೆ 200. ಎರಡನೆಯ ಇನ್‌ಸ್ಟನ್ಸ್ ಏಳುವಾಗಲೇ ಜಾಗ ಮುಗಿದಿರುತ್ತದೆ. ಹೊಸ ಆವೃತ್ತಿ ಹಾಕುವಾಗ ಹಳೆಯವೂ ಹೊಸವೂ ಸ್ವಲ್ಪ ಹೊತ್ತು ಒಟ್ಟಿಗೆ ಓಡುತ್ತವೆ ಎಂಬುದನ್ನೂ ಲೆಕ್ಕದಲ್ಲಿಡಿ.

ನಿಧಾನವಾದದ್ದೇಕೆ? ಹಿಟ್ಟಿನ ಗಿರಣಿಯನ್ನು ನೆನೆಸಿಕೊಳ್ಳಿ. ನಾಲ್ಕು ಕಲ್ಲು ಇರುವ ಗಿರಣಿಗೆ ಐವತ್ತು ಜನರನ್ನು ಚೀಲ ಸಮೇತ ಒಳಗೆ ಬಿಟ್ಟರೆ ಬೀಸುವ ವೇಗ ಏರುವುದಿಲ್ಲ, ಓಡಾಡಲು ಜಾಗ ಹೋಗುತ್ತದೆ ಅಷ್ಟೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್ನೂ ಆಪರೇಟಿಂಗ್ ಸಿಸ್ಟಮ್ಮಿನ ಒಂದೊಂದು ಪ್ರೊಸೆಸ್. ನಾಲ್ಕು ಕೋರ್ ಮೇಲೆ ಒಂದು ಕ್ಷಣಕ್ಕೆ ನಾಲ್ಕೇ ಓಡಬಲ್ಲವು. ಉಳಿದವು ಸರದಿ ಬದಲಾಯಿಸುತ್ತ, ಒಂದರ ಲಾಕ್‌ಗೆ ಇನ್ನೊಂದು ಕಾಯುತ್ತ ಕೂರುತ್ತವೆ. ಪೋಸ್ಟ್‌ಗ್ರೆಸ್ ಬಳಗದಲ್ಲಿ ಬಹಳ ಕಾಲದಿಂದ ಇರುವ ಅಂದಾಜು: ಕೋರ್‌ಗಳ ಎರಡರಷ್ಟು, ಜೊತೆಗೆ ಡಿಸ್ಕ್‌ಗಳ ಸಂಖ್ಯೆ. ಡಿಸ್ಕ್ ಒಂದೇ ಎಂದುಕೊಂಡರೆ ನಿಮ್ಮಲ್ಲಿ ಅದು 9ರ ಆಸುಪಾಸು, ಅದೂ ನಾಲ್ಕೂ ಇನ್‌ಸ್ಟನ್ಸ್ ಸೇರಿ ಏಕಕಾಲಕ್ಕೆ ಕೆಲಸ ಮಾಡುವ ಕನೆಕ್ಷನ್‌ಗಳಿಗೆ. ಹಳೆಯ ತಿರುಗುವ ಡಿಸ್ಕ್‌ಗಳ ಕಾಲದ ಸೂತ್ರ ಇದು, ಎಸ್‌ಎಸ್‌ಡಿಗೆ ಹಾಗೆಯೇ ಹೊಂದಬೇಕೆಂದಿಲ್ಲ. ಆದರೂ 9 ಮತ್ತು 200ರ ನಡುವಿನ ದೂರ ನೋಡಿ.

ಇನ್ನು ನಿಜವಾದ ಕಾಯಿಲೆ. ನಿಮ್ಮ ಪಾವತಿ ಮೆಥಡ್ ಪೂರ್ತಿ ಒಂದೇ ಟ್ರಾನ್ಸಾಕ್ಷನ್, ಅಂದರೆ ಆದರೆ ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಎಂಬ ಡೇಟಾಬೇಸ್ ಕೆಲಸಗಳ ಒಂದು ಕಟ್ಟು. ಅದು ವಿದ್ಯಾರ್ಥಿಯ ಸಾಲು ಓದುತ್ತದೆ, ಪೇಮೆಂಟ್ ಗೇಟ್‌ವೇಗೆ ಕರೆ ಮಾಡಿ ಉತ್ತರಕ್ಕೆ ಕಾಯುತ್ತದೆ, ಬಂದ ಮೇಲೆ ಬರೆಯುತ್ತದೆ. ಕಾಯುವಷ್ಟು ಹೊತ್ತೂ ಕನೆಕ್ಷನ್ ಸುಮ್ಮನೆ ಅದರ ಕೈಯಲ್ಲಿ. ಗಿರಣಿಯ ಬಾಯಿಗೆ ಚೀಲ ಇಟ್ಟು ಪೇಟೆಗೆ ಹೋದ ಹಾಗೆ!

ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸರದಿಯ ನಿಯಮ ಇಲ್ಲಿ ನೇರ ಉಪಯೋಗಕ್ಕೆ ಬರುತ್ತದೆ: ಸೆಕೆಂಡಿಗೆ ಬರುವ ರಿಕ್ವೆಸ್ಟ್‌ಗಳನ್ನು, ಒಂದೊಂದೂ ಕನೆಕ್ಷನ್ ಹಿಡಿದಿಡುವ ಹೊತ್ತಿನಿಂದ ಗುಣಿಸಿದರೆ ಸರಾಸರಿ ಬೇಕಾಗುವ ಕನೆಕ್ಷನ್. ಒಂದು ಇನ್‌ಸ್ಟನ್ಸ್‌ಗೆ ಸೆಕೆಂಡಿಗೆ 20 ರಿಕ್ವೆಸ್ಟ್ ಎಂದುಕೊಳ್ಳೋಣ. ಡೇಟಾಬೇಸ್ ಕೆಲಸ 15 ಮಿಲಿಸೆಕೆಂಡ್ ಆದರೆ ಬೇಕಾದದ್ದು 0.3, ಅಂದರೆ ಒಂದು ಕನೆಕ್ಷನ್ನೂ ಪೂರ್ತಿ ಬೇಡ. ಗೇಟ್‌ವೇಯ 2 ಸೆಕೆಂಡ್ ಒಳಗೆ ಸೇರಿತೋ, ಬೇಕಾದದ್ದು 40. ಗೇಟ್‌ವೇ ಇನ್ನೂ ತಡಮಾಡಿದರೆ 50 ಕೂಡ ಸಾಲದು.

ಆದ್ದರಿಂದ ಕೆಲಸವನ್ನು ಒಡೆಯಿರಿ. ಮೊದಲ ಪುಟ್ಟ ಟ್ರಾನ್ಸಾಕ್ಷನ್‌ನಲ್ಲಿ ಆರ್ಡರ್ ಸಂಖ್ಯೆ ಸಮೇತ 'ಬಾಕಿ' ಎಂದು ಬರೆದು ಕಮಿಟ್ ಮಾಡಿ (ಖಾಯಂ ಉಳಿಸಿ). ಗೇಟ್‌ವೇ ಕರೆ ಕನೆಕ್ಷನ್ ಇಲ್ಲದೆ ನಡೆಯಲಿ. ಉತ್ತರ ಬಂದ ಮೇಲೆ ಎರಡನೆಯ ಟ್ರಾನ್ಸಾಕ್ಷನ್‌ನಲ್ಲಿ ಸ್ಥಿತಿ ಬದಲಿಸಿ. ಮಧ್ಯೆ ಆ್ಯಪ್ ಬಿದ್ದುಹೋದರೆ? 'ಬಾಕಿ' ಸಾಲುಗಳನ್ನು ಕೆಲವು ನಿಮಿಷಕ್ಕೊಮ್ಮೆ ಹೆಕ್ಕಿ, ಅದೇ ಆರ್ಡರ್ ಸಂಖ್ಯೆ ಕೊಟ್ಟು ಗೇಟ್‌ವೇಯನ್ನು ಕೇಳುವ ಒಂದು ಜಾಬ್ ಇರಲೇಬೇಕು. ಇದನ್ನು ದಯವಿಟ್ಟು ಮುಂದಕ್ಕೆ ಹಾಕಬೇಡಿ. ದುಡ್ಡು ಕಡಿತವಾಗಿ ರಸೀದಿ ಬಾರದ ವಿದ್ಯಾರ್ಥಿಯ ಆತಂಕ ಸಣ್ಣದಲ್ಲ.

ಒಡೆಯುವಾಗ ಹಲವರು ಎಡವುವ ಕಡೆ ಎರಡಿವೆ. ಎರಡು ಮೆಥಡ್‌ಗಳನ್ನೂ ಅದೇ ಕ್ಲಾಸಿನೊಳಗಿಂದ ಕರೆದರೆ ಟ್ರಾನ್ಸಾಕ್ಷನ್ ಶುರುಮಾಡಬೇಕಾದ ಸ್ಪ್ರಿಂಗ್‌ನ ಪ್ರಾಕ್ಸಿ ಮಧ್ಯೆ ಬರುವುದೇ ಇಲ್ಲ, ಟ್ರಾನ್ಸಾಕ್ಷನ್ ಗುರುತು ಹಚ್ಚಿದ್ದು ವ್ಯರ್ಥ. ಬೇರೆ ಕ್ಲಾಸಿಗೆ ಹಾಕಿ, ಇಲ್ಲವೇ ಟ್ರಾನ್ಸಾಕ್ಷನ್ ಟೆಂಪ್ಲೇಟ್ ಬಳಸಿ. ಎರಡನೆಯದು ಇನ್ನೂ ಸೂಕ್ಷ್ಮ: ಸ್ಪ್ರಿಂಗ್ ಬೂಟ್‌ನಲ್ಲಿ ಜೆಪಿಎ (ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸ್ ಸಾಲುಗಳಿಗೆ ಹೊಂದಿಸುವ ವ್ಯವಸ್ಥೆ) ಬಳಸುವಾಗ 'ಓಪನ್ ಇನ್ ವ್ಯೂ' ತಾನಾಗಿ ಆನ್ ಇರುತ್ತದೆ. ಆಗ ಟ್ರಾನ್ಸಾಕ್ಷನ್ ಮುಗಿದರೂ ಜೆಪಿಎ ಕೆಲಸ ನಡೆಸುವ ಹೈಬರ್ನೇಟ್‌ನ ಸೆಷನ್ ರಿಕ್ವೆಸ್ಟ್ ಮುಗಿಯುವ ತನಕ ಬದುಕಿರುತ್ತದೆ, ಕನೆಕ್ಷನ್ನನ್ನೂ ಬಿಡುವುದಿಲ್ಲ. ಕೋಡ್ ಎಷ್ಟು ಚೆನ್ನಾಗಿ ಒಡೆದರೂ ಫಲ ಕಾಣದು. 'ಓಪನ್ ಇನ್ ವ್ಯೂ' ಅನ್ನು ಫಾಲ್ಸ್ ಮಾಡಿ. ಕೆಲವು ಕಡೆ ಲೇಜಿ ಲೋಡಿಂಗ್ (ಡೇಟಾವನ್ನು ಬೇಕಾದಾಗಷ್ಟೇ ತರುವುದು) ಎರರ್ ಬರುತ್ತದೆ, ಅಲ್ಲಿ ಬೇಕಾದ ಡೇಟಾವನ್ನು ಕ್ವೆರಿಯಲ್ಲೇ ಜಾಯಿನ್ ಮಾಡಿ ತನ್ನಿ.

ಆಡಿಟ್ ಲಾಗ್‌ಗೆ 'ರಿಕ್ವೈರ್ಸ್ ನ್ಯೂ' (ಬೇರೆಯೇ ಹೊಸ ಟ್ರಾನ್ಸಾಕ್ಷನ್ ತೆರೆ ಎಂಬ ಸೂಚನೆ) ಹಾಕಿದ್ದೀರಿ, ಅದನ್ನೂ ನೋಡಿ. ಅದು ಮೊದಲನೆಯದನ್ನು ಬಿಡದೆ ಎರಡನೆಯ ಕನೆಕ್ಷನ್ ಕೇಳುತ್ತದೆ. ಹತ್ತು ಥ್ರೆಡ್‌ಗಳು (ಆ್ಯಪ್‌ನೊಳಗೆ ಏಕಕಾಲಕ್ಕೆ ನಡೆಯುವ ಕೆಲಸಗಳು) ಹತ್ತು ಕನೆಕ್ಷನ್‌ಗಳನ್ನೂ ಹಿಡಿದು, ಪ್ರತಿಯೊಂದೂ ಇನ್ನೊಂದಕ್ಕೆ ಕಾದರೆ ಯಾರಿಗೂ ಸಿಗದು. 30 ಸೆಕೆಂಡ್ ಪೂರ್ತಿ ಆ್ಯಪ್ ಸ್ತಬ್ಧ. ಆ ಬರಹ ಮುಖ್ಯ ಟ್ರಾನ್ಸಾಕ್ಷನ್ ಮುಗಿದ ಮೇಲೆ ನಡೆಯಲಿ.

ಇಷ್ಟಾದ ಮೇಲೆ ಇನ್ನೊಂದು ಶುಲ್ಕದ ಕೊನೆಯ ದಿನಕ್ಕೆ ಕಾಯದೆ ಲೋಡ್ ಟೆಸ್ಟ್ ಮಾಡಿ. ಹಿಕಾರಿಯ ಅಂಕಿಗಳಲ್ಲಿ 'ಪೆಂಡಿಂಗ್' ಎಷ್ಟಿದೆ, ಒಂದು ಕನೆಕ್ಷನ್ ಎಷ್ಟು ಹೊತ್ತು ಬಳಕೆಯಲ್ಲಿದೆ ನೋಡಿ. ಪೋಸ್ಟ್‌ಗ್ರೆಸ್ ಕಡೆ 'ಐಡಲ್ ಇನ್ ಟ್ರಾನ್ಸಾಕ್ಷನ್' ಎಂಬ ಸಾಲುಗಳು ಕಂಡರೆ ಇನ್ನೂ ಯಾರೋ ಕನೆಕ್ಷನ್ ಹಿಡಿದು ಕೂತಿದ್ದಾರೆ ಎಂದರ್ಥ. ಹುಡುಕಲು ಹಿಕಾರಿಯ ಲೀಕ್ ಪತ್ತೆಗೆ 5 ಸೆಕೆಂಡ್ ಕೊಡಿ, ಕನೆಕ್ಷನ್ ಪಡೆದ ಜಾಗದ ಸ್ಟ್ಯಾಕ್ ಟ್ರೇಸ್ ಲಾಗ್‌ಗೆ ಬರುತ್ತದೆ. ಕಾಯುವ ಮಿತಿಯನ್ನೂ 30ರಿಂದ 3 ಸೆಕೆಂಡಿಗೆ ಇಳಿಸಬಹುದು. ಪೆಂಡಿಂಗ್ ಸೊನ್ನೆಯ ಹತ್ತಿರ ನಿಂತರೆ ಪೂಲನ್ನು 5ಕ್ಕೆ ಇಳಿಸಿ ಮತ್ತೆ ಅಳೆಯಿರಿ.

ಪಿಜಿಬೌನ್ಸರ್ ಸದ್ಯಕ್ಕೆ ಬೇಡ. ಇನ್‌ಸ್ಟನ್ಸ್‌ಗಳು ಹತ್ತಾರಾದಾಗ ಅದು ನಿಜಕ್ಕೂ ಉಪಕಾರಿ. ಆದರೆ ಟ್ರಾನ್ಸಾಕ್ಷನ್ ಮೋಡ್‌ನಲ್ಲೂ ಅದು ಕನೆಕ್ಷನ್ನನ್ನು ವಾಪಸ್ ಪಡೆಯುವುದು ಟ್ರಾನ್ಸಾಕ್ಷನ್ ಮುಗಿದಾಗಲೇ. ಗೇಟ್‌ವೇಗಾಗಿ ಕಾಯುತ್ತಿರುವ ಟ್ರಾನ್ಸಾಕ್ಷನ್ ಅದರ ಪೂಲನ್ನೂ ಹಾಗೆಯೇ ಹಿಡಿದಿಡುತ್ತದೆ.