ಓದುಗರ ಪ್ರಶ್ನೆ: ಎಚ್‌ಐವಿ ಇರುವ ತಾಯಿಯ ಊಟ, ಮಗುವಿನ ಹಾಲು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಬರೆದವರ ಹೆಸರು, ಊರು ಬಿಟ್ಟು ತಾಲ್ಲೂಕನ್ನಷ್ಟೇ ಹಾಕಿದ್ದೇವೆ. ಇಲ್ಲಿ ಬರುವ ಎಆರ್‌ಟಿ ಎಂದರೆ ಎಚ್‌ಐವಿ ವೈರಸ್ಸನ್ನು ಹತೋಟಿಯಲ್ಲಿಡುವ ಚಿಕಿತ್ಸೆ.

ನನಗೆ ಎಚ್‌ಐವಿ ಇದೆ, ಎಆರ್‌ಟಿ ಮಾತ್ರೆ ನುಂಗುತ್ತಿದ್ದೇನೆ. ಮಗುವಿಗೆ ಎರಡು ತಿಂಗಳು. ಕೂಲಿ ಸಿಗದ ದಿನ ನನಗೆ ಒಂದೇ ಹೊತ್ತು ಊಟ. ಹಾಲು ಸಾಲುತ್ತಿಲ್ಲ ಎಂದು ಅತ್ತೆ ಹಸುವಿನ ಹಾಲಿಗೆ ಅರ್ಧಕ್ಕರ್ಧ ನೀರು ಬೆರೆಸಿ ಕುಡಿಸುತ್ತಿದ್ದಾರೆ. ಕುಡಿಸಬಹುದೇ? (ಬಾಗೇಪಲ್ಲಿ ತಾಲ್ಲೂಕು)

ಬೇಡಮ್ಮ. ಹಸುವಿನ ಹಾಲು ನಿಲ್ಲಿಸಿ, ಎದೆಹಾಲು ಮುಂದುವರಿಸಿ. ಮೊದಲ ಆರು ತಿಂಗಳು ಮಗುವಿಗೆ ಎದೆಹಾಲು ಒಂದೇ ಸಾಕು. ನೀರು, ಸಕ್ಕರೆ ನೀರು, ಜೇನುತುಪ್ಪ, ತೇಯ್ದ ಬಜೆ, ಗ್ರೈಪ್ ವಾಟರ್ ಯಾವುದೂ ಬೇಡ. ವೈದ್ಯರು ಬರೆದ ಔಷಧಿಯನ್ನು ಮಾತ್ರ ತಪ್ಪದೆ ಕೊಡಿ.

ಇಷ್ಟು ಖಂಡಿತವಾಗಿ ಹೇಳಲು ಕಾರಣವಿದೆ. ಎಳೆಮಗುವಿನ ಕರುಳಿನ ಒಳಪದರ ಬಹಳ ನಾಜೂಕು. ಹೊರಗಿನ ಹಾಲು, ನೀರು, ಗಂಜಿ ಅದನ್ನು ಕೆರಳಿಸುತ್ತವೆ, ಬಾಟಲಿಯಿಂದ ಭೇದಿ ಅಂಟುತ್ತದೆ. ಹಾಗೆ ಕೆರಳಿದ ಕರುಳಿನ ಮೂಲಕ ಹಾಲಿನಲ್ಲಿರುವ ವೈರಸ್ ಒಳಹೋಗುವುದು ಸುಲಭ. ದಕ್ಷಿಣ ಆಫ್ರಿಕಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಎದೆಹಾಲು ಕುಡಿದ ಮಕ್ಕಳಿಗೆ ಹೋಲಿಸಿದರೆ ಎದೆಹಾಲಿನ ಜೊತೆ ಗಟ್ಟಿ ಆಹಾರವನ್ನೂ ತಿಂದ ಮಕ್ಕಳಿಗೆ ಸೋಂಕು ತಗಲುವ ಸಾಧ್ಯತೆ ಸುಮಾರು ಹನ್ನೊಂದು ಪಟ್ಟು ಹೆಚ್ಚಿತ್ತು. ಹಾಗೆಂದು ಇಷ್ಟು ದಿನ ಕುಡಿಸಿದ್ದಕ್ಕೆ ಹೆದರಿ ಎದೆಹಾಲನ್ನೇ ಬಿಡಿಸಬೇಡಿ. ನೀವು ದಿನವೂ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ ಹತೋಟಿಯಲ್ಲಿದ್ದರೆ ಅಪಾಯ ಬಹಳ ಕಡಿಮೆ. ಚಿಕಿತ್ಸೆಯೇ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವುದು ನೂರಕ್ಕೆ 15ರಿಂದ 45. ಸರಿಯಾದ ಚಿಕಿತ್ಸೆ ಇದ್ದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ.

ಅರೆಹೊಟ್ಟೆಯ ತಾಯಿಗೂ ಸಾಮಾನ್ಯವಾಗಿ ಹಾಲು ಬರುತ್ತದೆ. ಆದರೆ ದೇಹ ತನ್ನ ಕೊಬ್ಬು, ಸ್ನಾಯು ಕರಗಿಸಿ ಆ ಹಾಲು ಮಾಡುತ್ತದೆ, ಸವೆಯುವವರು ನೀವು. ಮಗು ಚೀಪಿದಷ್ಟೂ ಹಾಲು ಹೆಚ್ಚು. ಬಾಟಲಿ ಕೊಟ್ಟಷ್ಟು ಸಲ ಚೀಪುವುದು ತಪ್ಪಿ ಹಾಲು ಕಡಿಮೆಯಾಗುತ್ತದೆ. ರಾತ್ರಿಯೂ ಸೇರಿ ದಿನಕ್ಕೆ 8ರಿಂದ 12 ಸಲ ಕುಡಿಸಿ. ಮಗು ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಈ ವಾರವೇ ಅಂಗನವಾಡಿಯಲ್ಲಿ ತೂಕ ಹಾಕಿಸಿ. ತೂಕ ಏರದಿದ್ದರೆ, ಮಗು ಮಂಕಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮೊಲೆತೊಟ್ಟು ಬಿರಿದು ರಕ್ತ ಬಂದರೆ, ಕೀವಾದರೆ ಆ ಬದಿಯ ಹಾಲನ್ನು ಹಿಂಡಿ ಚೆಲ್ಲಿ, ಇನ್ನೊಂದು ಬದಿಯಲ್ಲಿ ಕುಡಿಸಿ, ವೈದ್ಯರಿಗೆ ತೋರಿಸಿ.

ಅತ್ತೆಯವರಿಗೊಂದು ಮಾತು: ಆ ಹಸುವಿನ ಹಾಲನ್ನು ಕಾಯಿಸಿ ಸೊಸೆಗೆ ಕುಡಿಸಿ. ಮಗುವಿಗೆ ಸೇರಬೇಕಾದದ್ದು ಹಾಗೆಯೇ ಸೇರುತ್ತದೆ.

ನಾನು ಏಳು ತಿಂಗಳ ಬಸುರಿ. ಖಾಲಿ ಹೊಟ್ಟೆಯಲ್ಲಿ ಎಆರ್‌ಟಿ ಮಾತ್ರೆ ನುಂಗಿದರೆ ಸಂಕಟವಾಗುತ್ತದೆ. ಊಟವಿಲ್ಲದ ರಾತ್ರಿ ಬಿಟ್ಟುಬಿಡುತ್ತೇನೆ. (ಪಾವಗಡ ತಾಲ್ಲೂಕು)

ದಯವಿಟ್ಟು ಬಿಡಬೇಡಿ. ಹಸಿವಿನಿಂದ ತಾಯಿ ಮಗುವಿಗೆ ಆಗುವ ದೊಡ್ಡ ಹಾನಿ ಇದೇ. ಬಿಟ್ಟ ಮಾತ್ರೆಗಳು ಸೇರುತ್ತಾ ಹೋದಂತೆ ವೈರಸ್ ಏರಿ, ಹೆರಿಗೆಯಲ್ಲಿ, ಹಾಲಿನಲ್ಲಿ ಮಗುವಿಗೆ ದಾಟುತ್ತದೆ. ಈಗ ಹೆಚ್ಚಿನವರಿಗೆ ಕೊಡುವುದು ಮೂರು ಔಷಧಿ ಸೇರಿದ, ದಿನಕ್ಕೊಂದು ನುಂಗುವ ಟಿಎಲ್‌ಡಿ ಮಾತ್ರೆ. ಅದಕ್ಕೆ ಊಟ ಆಗಿರಲೇಬೇಕೆಂದಿಲ್ಲ. ಸಂಕಟವಾದರೆ ಒಂದು ಲೋಟ ಅಂಬಲಿಯೋ ಬೆಲ್ಲದ ಚೂರೋ ಸಾಕು. ವಾಂತಿ ನಿಲ್ಲದಿದ್ದರೆ ಎಆರ್‌ಟಿ ಕೇಂದ್ರಕ್ಕೆ ತಿಳಿಸಿ.

ಇನ್ನೊಂದನ್ನು ಗಮನಿಸಿ. ಬಸುರಿಯರಿಗೆ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಟಿಎಲ್‌ಡಿ ಜೊತೆ ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಊಟದ ಜೊತೆಯಾದರೆ ತೊಂದರೆಯಿಲ್ಲ. ಊಟವಿಲ್ಲದಿದ್ದರೆ ಟಿಎಲ್‌ಡಿ ಅವುಗಳಿಗಿಂತ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ನಂತರ. ಕಬ್ಬಿಣ, ಕ್ಯಾಲ್ಸಿಯಂಗಳನ್ನೂ ಒಂದೇ ಹೊತ್ತಿಗೆ ನುಂಗಬಾರದು. ಹೀಗೆ ಮಾಡಿ: ಬೆಳಿಗ್ಗೆ ತಿಂಡಿಯ ಮೇಲೆ ಕ್ಯಾಲ್ಸಿಯಂ, ಮಧ್ಯಾಹ್ನ ಊಟದ ಮೇಲೆ ಕಬ್ಬಿಣ, ರಾತ್ರಿ ಊಟದ ಜೊತೆ ಎರಡನೇ ಕ್ಯಾಲ್ಸಿಯಂ ಮತ್ತು ಟಿಎಲ್‌ಡಿ. ಊಟವಿಲ್ಲದ ರಾತ್ರಿ ಕ್ಯಾಲ್ಸಿಯಂ ಬಿಡಿ, ಟಿಎಲ್‌ಡಿ ನುಂಗಿ. ಎದೆಯುರಿಯ ಸಿರಪ್ಪನ್ನು ಮಾತ್ರ ಊಟವಿದ್ದರೂ ಟಿಎಲ್‌ಡಿ ಹತ್ತಿರ ಕುಡಿಯಬೇಡಿ, ಅದಕ್ಕೂ ಅದೇ 2 ಗಂಟೆ, 6 ಗಂಟೆ ಲೆಕ್ಕ.

ತಂಗಿ ಬಾಣಂತಿ, ಅವಳಿಗೆ ಎಚ್‌ಐವಿ. ಹಣ್ಣು, ಡಬ್ಬಿಯ ಶಕ್ತಿಪುಡಿ ಕೊಡಿಸಲು ನಮಗೆ ಆಗುವುದಿಲ್ಲ. ಸೊಸೈಟಿ ಅಕ್ಕಿ ಒಂದೇ ಗತಿ. (ಮುಳಬಾಗಿಲು ತಾಲ್ಲೂಕು)

ಶಕ್ತಿಪುಡಿ ಬೇಕಿಲ್ಲ, ಆ ದುಡ್ಡಿಗೆ ಮೊಟ್ಟೆ, ಕಡಲೆಕಾಯಿ ತನ್ನಿ. ಹಾಲೂಡಿಸುವವರಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು. ಎಚ್‌ಐವಿ ಇದ್ದರೆ, ಬೇರೆ ಕಾಯಿಲೆಯ ಲಕ್ಷಣ ಇಲ್ಲದಿದ್ದರೂ, ಅದರ ಮೇಲೆ ದಿನದ ಒಟ್ಟು ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತರಷ್ಟು ಹೆಚ್ಚು. ಮಾಮೂಲಿ ಊಟದ ಮೇಲೆ 100 ಗ್ರಾಂ ಹಿಟ್ಟಿನ ಒಂದು ಮುದ್ದೆ, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಒಂದು ಮೊಟ್ಟೆ ಸೇರಿದರೆ ಆ 600ರ ಹತ್ತಿರ ಬರುತ್ತದೆ. ಮೇಲೆ ಒಂದು ಲೋಟ ಹಾಲು. ಸಾರು ಹುರುಳಿಯದ್ದೋ ಬೇಳೆ ಸೊಪ್ಪಿನದ್ದೋ ಆಗಿರಲಿ, ನುಗ್ಗೆಸೊಪ್ಪು ಹಾಕಿ, ಉಣ್ಣುವಾಗ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಬಾಣಂತಿ ಪಥ್ಯ ಎಂದು ಬರೀ ಅನ್ನ, ಮೆಣಸಿನ ಸಾರು ಹಾಕಿ ನೀರನ್ನೂ ಅಳೆದು ಕೊಡುವುದು ಇವರಿಗೆ ಕೆಡುಕು.

ಸರ್ಕಾರದಿಂದ ಸಿಗುವುದನ್ನು ಕೇಳಿ ಪಡೆಯಿರಿ. ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು, ಚಿಕ್ಕಿ ಇದೆ. ಎಲ್ಲ ಬಾಣಂತಿಯರಿಗೂ ಕೊಡುವ ಊಟವದು, ಎಚ್‌ಐವಿ ವಿಷಯ ಅಲ್ಲಿ ಹೇಳಬೇಕಿಲ್ಲ. ಎಚ್‌ಐವಿ ಇರುವವರ ಬಡ ಕುಟುಂಬಗಳನ್ನು ಆದ್ಯತೆಯ ಮೇಲೆ ಅಂತ್ಯೋದಯಕ್ಕೆ ಸೇರಿಸಬೇಕೆಂದು ಕೇಂದ್ರ ಸರ್ಕಾರ 2009ರಲ್ಲೇ ಸೂಚಿಸಿದೆ. ಆ ಕಾರ್ಡಿಗೆ ತಿಂಗಳಿಗೆ 35 ಕೆಜಿ ಧಾನ್ಯ. ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕರ ಜೊತೆ ಮಾತಾಡಿ, ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಅರ್ಜಿ ಕೊಡಿ. 2017ರ ಎಚ್‌ಐವಿ ಕಾಯ್ದೆಯಂತೆ ನಿಮ್ಮ ವಿಷಯವನ್ನು ಗುಟ್ಟಾಗಿಡುವುದು ಅವರ ಕರ್ತವ್ಯ.

ಮಗಳಿಗೆ ಎಚ್‌ಐವಿ. ಮೊಮ್ಮಗನಿಗೆ ಏಳು ತಿಂಗಳು, ದಿನಾ ರಾಗಿ ಸರಿ ಕುಡಿಸಿದರೂ ತೂಕ ಏರುತ್ತಿಲ್ಲ. (ಶಿರಾ ತಾಲ್ಲೂಕು)

ಕುಡಿಸುವಷ್ಟು ನೀರಾಗಿರುವುದೇ ತಪ್ಪು, ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಸರಿ ತಿನ್ನಿಸುವಂತಿರಬೇಕು, ಚಮಚ ಓರೆ ಮಾಡಿದರೆ ಜಾರಿ ಬೀಳಬಾರದು. ರಾಗಿಯನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿ. ಮೊಳಕೆಯ ಹಿಟ್ಟು ಬೇಗ ಗಟ್ಟಿಯಾಗದ ಕಾರಣ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಚೆನ್ನಾಗಿ ಬೇಯಿಸಿ, ನುಣ್ಣಗೆ ಮಸೆದ ಹೆಸರುಬೇಳೆ, ಒಂದು ಚಮಚ ತುಪ್ಪ ಅಥವಾ ಎಣ್ಣೆ ಬೆರೆಸಿ. ಬೆಂದ ಮೊಟ್ಟೆಯನ್ನೂ ಮಸೆದು ಕೊಡಬಹುದು. ಎರಡು ಮೂರು ಚಮಚದಿಂದ ಶುರುಮಾಡಿ ಸಣ್ಣ ಬಟ್ಟಲಿನ ಅರ್ಧದವರೆಗೆ, ದಿನಕ್ಕೆ ಎರಡು ಮೂರು ಸಲ. ಎದೆಹಾಲು ಕನಿಷ್ಠ ಒಂದು ವರ್ಷ ಇರಲಿ, ಬಿಡಿಸುವಾಗ ಒಂದು ತಿಂಗಳು ಹಿಡಿದು ನಿಧಾನವಾಗಿ ಬಿಡಿಸಿ.

ಆರು ತಿಂಗಳ ಎಚ್‌ಐವಿ ಪರೀಕ್ಷೆ ಆಗಿದೆಯೇ ನೋಡಿ. ಆರು ವಾರ, ಆರು, ಹನ್ನೆರಡು, ಹದಿನೆಂಟು ತಿಂಗಳಿಗೆ ಮಾಡಿಸಬೇಕು. ಬೇರೆ ಸೋಂಕುಗಳನ್ನು ತಡೆಯಲು ಆರು ವಾರದಿಂದ ಕೊಡುವ ಕೋಟ್ರಿಮಾಕ್ಸಜೋಲ್ ಔಷಧಿಯನ್ನು ವೈದ್ಯರು ಹೇಳುವವರೆಗೆ ನಿಲ್ಲಿಸಬೇಡಿ. ಸರಿ ಗಟ್ಟಿ ಮಾಡಿದ ಮೇಲೂ ತೂಕ ನಿಂತಲ್ಲೇ ನಿಂತರೆ ಮುಂದಿನ ಪರೀಕ್ಷೆಯ ದಿನಕ್ಕೆ ಕಾಯದೆ ಕರೆದೊಯ್ಯಿರಿ. ಸೋಂಕು, ಕ್ಷಯ ಎರಡನ್ನೂ ನೋಡಬೇಕಾಗುತ್ತದೆ.

ಬೇಸಿಗೆಯಲ್ಲಿ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತೇವೆ. ಮಾತ್ರೆ ತಪ್ಪಿಹೋಗುತ್ತದೆ. (ಗೌರಿಬಿದನೂರು ತಾಲ್ಲೂಕು)

ಹೊರಡುವ ಮುಂಚೆ ಕೇಂದ್ರದಲ್ಲಿ ಹೇಳಿ. ಆರೋಗ್ಯ ಸ್ಥಿರವಾಗಿದ್ದರೆ ಒಮ್ಮೆಗೇ ಹೆಚ್ಚು ತಿಂಗಳ ಮಾತ್ರೆ ಕೊಡುತ್ತಾರೆ, ಇಲ್ಲವೇ ಬೆಂಗಳೂರಿನ ಕೇಂದ್ರಕ್ಕೆ ಚೀಟಿ ಬರೆಯುತ್ತಾರೆ. ಎಆರ್‌ಟಿ ಕೇಂದ್ರದವರು ಕೊಟ್ಟ ಹಸಿರು ಪುಸ್ತಕ ಜೊತೆಗಿರಲಿ. ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ಇಟ್ಟುಕೊಳ್ಳಿ. ದಾರಿ ತಿಳಿಯದಿದ್ದರೆ 1097ಕ್ಕೆ ಉಚಿತವಾಗಿ ಫೋನ್ ಮಾಡಿ ಹತ್ತಿರದ ಕೇಂದ್ರ ಎಲ್ಲಿದೆ ಎಂದು ಕೇಳಿ.